ವ್ಯಸನದಿಂದ ಪಾರಾದವನ ಸಾಹಚರ್ಯ

ಮಹಾಭಾರತದ ವನಪರ್ವದಲ್ಲಿ ಬರುವ ನಳೋಪಾಖ್ಯಾನವನ್ನು ಓದದ ಅಥವಾ ಕೇಳದ ಗೃಹಸ್ಥರು ವಿರಳ. ಆದರೆ ಅದರಲ್ಲಿಯ ಒಂದು ಸಣ್ಣ ಸಂಗತಿಯನ್ನು ನಾವು ಸಾಮಾನ್ಯವಾಗಿ ಲಕ್ಷಿಸದೆ ಮುಂದಕ್ಕೆ ಹೋಗುತ್ತೇವೆ. ನಳನು ಜೂಜಿನ ಮದದಲ್ಲಿ ಮೈಮರೆತು ರಾಜ್ಯಕೋಶಗಳನ್ನು ಒಂದೊಂದಾಗಿ ಪಣಕ್ಕೆ ಒಡ್ಡುತ್ತಿರಲು, ದಮಯಂತಿಯು ಸಾರಥಿಯಾದ ವಾರ್ಷ್ಣೇಯನನ್ನು ಕರೆಯಿಸಿ, ಇಂದ್ರಸೇನ, ಇಂದ್ರಸೇನೆ ಎಂಬ ತನ್ನ ಎರಡು ಮಕ್ಕಳನ್ನು ರಥದಲ್ಲಿ ಕುಳ್ಳಿರಿಸಿ ವಿದರ್ಭದ ತವರುಮನೆಗೆ ಕಳುಹಿಸಿಬಿಡುತ್ತಾಳೆ. ಮಕ್ಕಳು ಅಜ್ಜನ ಮನೆಯಲ್ಲಿ ಬೆಳೆಯುತ್ತಿರುವಾಗ ತಂದೆಯು ಬಾಹುಕನೆಂಬ ಹೆಸರಿನಿಂದ ಋತುಪರ್ಣನ ಲಾಯದಲ್ಲಿ ಚಾಕರಿ ಮಾಡುತ್ತಾನೆ. ಬಹುಕಾಲದ ಮೇಲೆ, ಕಲಿಯು ಅವನ ಮೈಯನ್ನು ಬಿಟ್ಟು ಹೋದ ತರುವಾಯ, ದೂತಿಯಾದ ಕೇಶಿನಿಯೊಡನೆ ಬಂದ ಆ ಮಕ್ಕಳನ್ನು ಕಂಡು ಅಪ್ಪಿಕೊಂಡು ಅಳುತ್ತಾನೆ; ನಾನೇ ತಂದೆಯೆಂದು ಹೇಳಲಾರದೆ, ಇವರು ನನ್ನ ಮಕ್ಕಳಂತೆಯೇ ಇರುವರು, ಆದುದರಿಂದ ಕಣ್ಣೀರು ಬಂದಿತು ಎನ್ನುತ್ತಾನೆ.

ಈ ಕಥೆಯನ್ನು ಯಾರು ಯಾರಿಗೆ ಹೇಳಿದರೆಂಬುದೂ ಮನನಮಾಡತಕ್ಕದ್ದು. ಜೂಜಿನಿಂದಲೇ ಸರ್ವಸ್ವವನ್ನೂ ಕಳೆದುಕೊಂಡು ಕಾಡಿನಲ್ಲಿ ಕುಳಿತಿದ್ದ ಧರ್ಮರಾಯನು, ನನ್ನಂತಹ ನಿರ್ಭಾಗ್ಯನು ಇನ್ನೊಬ್ಬನಿರುವನೇ ಎಂದು ಕೇಳಿದಾಗ ಬೃಹದಶ್ವ ಮಹರ್ಷಿಯು ಇದನ್ನು ಹೇಳಿದನು. ನೀತಿಯನ್ನು ಬೋಧಿಸುವವರು ಧರ್ಮರಾಯನ ಸುತ್ತಲೂ ಬೇಕಾದಷ್ಟು ಮಂದಿ ಇದ್ದರು. ಅವನಿಗೆ ಬೇಕಾಗಿದ್ದುದು ತನ್ನಂತೆಯೇ ಬಿದ್ದು ಎದ್ದವನ ವೃತ್ತಾಂತ. ಅಂತಹವನನ್ನು ಸಂಸ್ಕೃತದಲ್ಲಿ ಸಮದುಃಖಿ ಎನ್ನುವುದುಂಟು. ಈ ಲೇಖನದಲ್ಲಿ ನಾನು ಹೇಳಹೊರಟಿರುವುದು, ಕುಡಿತದ ದೆಸೆಯಿಂದ ಮಕ್ಕಳನ್ನು ಸರ್ಕಾರದ ಆಶ್ರಯಕ್ಕೆ ಬಿಟ್ಟುಕೊಡಬೇಕಾಗಿ ಬಂದ ತಂದೆತಾಯಿಗಳಿಗೆ ಇಂತಹ ಸಮದುಃಖಿಯ ಸಾಹಚರ್ಯವು ಎಷ್ಟು ಅವಶ್ಯಕ ಎಂಬುದನ್ನು.

ದಮಯಂತಿಗೆ ಅರಸುಮನೆಯ ತವರಿತ್ತು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ, ಈ ನಾಲ್ಕು ಸೀಮೆಗಳ ಕೂಲಿಕಾರನ ಹೆಂಡತಿಗೆ ಅಂತಹ ತವರು ಎಲ್ಲಿಂದ ಬರಬೇಕು? ತವರಿನವರೂ ಕೂಲಿಯವರೇ. ಆದಕಾರಣ ಈ ಕಾಲದಲ್ಲಿ ಆ ಹೊಣೆಯನ್ನು ರಾಜ್ಯವು ಹೊತ್ತಿದೆ. ೨೦೧೫ರ ಬಾಲನ್ಯಾಯ ಕಾಯಿದೆಯು ೨೦೧೬ನೆಯ ಇಸವಿ ಜನವರಿ ೧೫ರಿಂದ ಜಾರಿಗೆ ಬಂದಿತು. ತಂದೆತಾಯಿ ಇದ್ದೂ ಅವರು ಪೋಷಣೆಗೆ ಅಸಮರ್ಥರೆಂದು ಕಂಡುಬಂದ ಮಗುವೂ ರಕ್ಷಣೆ ಬೇಕಾದ ಮಗುವೇ ಎಂದು ಅದು ಹೇಳುತ್ತದೆ. ಇಂತಹ ಮಗುವನ್ನು ಪೋಲೀಸಿನವರಾಗಲಿ, ಉಪಾಧ್ಯಾಯರಾಗಲಿ, ನೆರೆಯವರಾಗಲಿ ಕಂಡರೆ, ಪ್ರಯಾಣದ ಹೊತ್ತನ್ನು ಬಿಟ್ಟು ೨೪ ಗಂಟೆಗಳೊಳಗೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸತಕ್ಕದ್ದು. ಸಮಿತಿಯಲ್ಲಿ ಅಧ್ಯಕ್ಷರೊಬ್ಬರು, ಸದಸ್ಯರು ನಾಲ್ವರು. ಅವರಲ್ಲಿ ಒಬ್ಬರಾದರೂ ಸ್ತ್ರೀಯಾಗಿರಬೇಕು. ತಿಂಗಳಿಗೆ ಕಡಮೆಯೆಂದರೆ ೨೦ ದಿನ ಸಮಿತಿಯು ಸೇರಬೇಕು. ಮಗುವಿನ ಮನೆಯ ಸ್ಥಿತಿಗತಿಗಳ ವರದಿಯನ್ನು ತರಿಸಿಕೊಂಡು, ಮೊದಲ ಹಾಜರಿಯಿಂದ ನಾಲ್ಕು ತಿಂಗಳೊಳಗೆ ಕೊನೆಯ ತೀರ್ಮಾನವನ್ನು ಕೊಡಬೇಕು. ಅಲ್ಲಿಯವರೆಗೆ ಮಗುವು ಬಾಲಮಂದಿರದಲ್ಲಿಯೋ ಯೋಗ್ಯರಾದ ಬಂಧುಗಳಲ್ಲಿಯೋ ಇರುತ್ತದೆ.

ಕಾಯಿದೆಯ ಉದ್ದೇಶವು ಮಕ್ಕಳನ್ನು ಕಿತ್ತುಕೊಳ್ಳುವುದಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಮಗುವನ್ನು ಸಂಸ್ಥೆಯಲ್ಲಿ ಇಡುವುದು ಕಟ್ಟಕಡೆಯ ಉಪಾಯವೆಂದೂ, ಮನೆಗೆ ಹಿಂತಿರುಗಿಸುವುದೇ ಮುಖ್ಯ ಗುರಿಯೆಂದೂ ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ಆದರೆ ಹಿಂತಿರುಗಿಸಬೇಕಾದರೆ ಆ ಮನೆಯು ಮನೆಯಾಗಿರಬೇಕಷ್ಟೆ. ತಂದೆಯು ಕುಡಿತವನ್ನು ಬಿಡದಿದ್ದರೆ ಸಮಿತಿಯವರು ಯಾವ ಧೈರ್ಯದಿಂದ ಮಗುವನ್ನು ಕಳುಹಿಸಿಯಾರು?

ಈ ಸೀಮೆಗಳ ಪರಿಸ್ಥಿತಿಯನ್ನು ಸ್ವಲ್ಪ ಹೇಳುವುದು ಅವಶ್ಯ. ಹುಣಸೂರು, ಪಿರಿಯಾಪಟ್ಟಣಗಳು ಹೊಗೆಸೊಪ್ಪಿನ ನಾಡು. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರ ಮುಂತಾದ ಕಡೆಗಳಲ್ಲಿ ಹರಾಜುಕಟ್ಟೆಗಳಿವೆ. ಸೊಪ್ಪನ್ನು ಬ್ಯಾರನ್ನಿನಲ್ಲಿ ಬೇಯಿಸುವ ಕಾಲದಲ್ಲಿ ಹಗಲೆನ್ನದೆ ಇರುಳೆನ್ನದೆ ಬೆಂಕಿಯನ್ನು ಕಾಯಬೇಕು. ಹರಾಜಿನ ಕಾಲದಲ್ಲಿ ಒಂದೇ ಸಲಕ್ಕೆ ಹಣ ಕೈಗೆ ಬರುತ್ತದೆ. ದಣಿವು ಒಂದು, ದುಡ್ಡು ಇನ್ನೊಂದು. ಎರಡೂ ಮದ್ಯದಂಗಡಿಯ ದಾರಿಯನ್ನು ತೋರಿಸುತ್ತವೆ. ಕೃಷ್ಣರಾಜನಗರವು ನಾಲೆಯ ನೀರಿನ ಭತ್ತದ ಸೀಮೆ. ಹೆಗ್ಗಡದೇವನಕೋಟೆಯಲ್ಲಿಯೂ, ನಾಗರಹೊಳೆಯ ಅಂಚಿನ ಹುಣಸೂರು, ಪಿರಿಯಾಪಟ್ಟಣಗಳಲ್ಲಿಯೂ ಜೇನುಕುರುಬರು, ಬೆಟ್ಟಕುರುಬರು, ಯರವರು ಮೊದಲಾದವರ ಹಾಡಿಗಳಿವೆ. ಕಾಡಿನಿಂದ ಹೊರಕ್ಕೆ ಬಂದು ನೆಲೆಸಿದ ಅನೇಕರು ಕೊಡಗಿನ ಕಾಫಿತೋಟಗಳಿಗೆ ಕೂಲಿಗೆ ಹೋಗುವರು. ತಂದೆತಾಯಿ ತೋಟಕ್ಕೆ ಹೋದರೆ ಮಕ್ಕಳು ಒಂದೋ ಜತೆಯಲ್ಲಿ ಹೋಗಿ ಶಾಲೆಯನ್ನು ತಪ್ಪಿಸಬೇಕು, ಇಲ್ಲವೇ ಹಾಡಿಯಲ್ಲಿ ಮುದುಕರ ವಶದಲ್ಲಿ ಇರಬೇಕು.

ಆದರೆ ಕುಡಿತವು ಹಾಡಿಯ ಜಾಡ್ಯವೆಂದು ಪಟ್ಟಣದ ಗೃಹಸ್ಥರು ಮೂಗುಮುರಿಯುವುದನ್ನು ಕೇಳಿದ್ದೇನೆ. ಅದು ಶುದ್ಧ ಅವಿಚಾರ. ಹಾಜರಿ ಪುಸ್ತಕವನ್ನು ದಶಕಗಳ ಕಾಲ ಹಿಡಿದ ಯಾವ ಉಪಾಧ್ಯಾಯನಾದರೂ ಹೇಳಬಲ್ಲನು: ಸಂತೆಯ ಮರುದಿನ ಗೈರುಹಾಜರಾಗುವ ಮಕ್ಕಳಲ್ಲಿ ಎಲ್ಲ ಜಾತಿಯ, ಎಲ್ಲ ಅಂತಸ್ತಿನ ಮನೆಗಳವರೂ ಇರುತ್ತಾರೆ. ಉಳ್ಳವರ ಮನೆಯಲ್ಲಿ ಅಜ್ಜಿಯೋ ಚಿಕ್ಕಪ್ಪನೋ ಮಗುವನ್ನು ಮುಚ್ಚಿಟ್ಟುಕೊಂಡು ಸಾಕುವರು. ಇಲ್ಲದವರ ಮನೆಯ ಮಗು ಸಮಿತಿಯ ಮುಂದೆ ಬರುತ್ತದೆ. ಭೇದವಿರುವುದು ಇಷ್ಟರಲ್ಲಿಯೇ.

ಕರ್ನಾಟಕದಲ್ಲಿ ೨೦೦೭ನೆಯ ಇಸವಿ ಜುಲೈ ೧ರಿಂದ ಸಾರಾಯಿಯು ನಿಷಿದ್ಧವಾಯಿತು. ನಿಷೇಧವಾದದ್ದು ಸಾರಾಯಿಯೇ ಹೊರತು ಕುಡಿತವಲ್ಲ. ಅಗ್ಗದ ಬೇರೆ ಮದ್ಯವು ಅದರ ಸ್ಥಾನವನ್ನು ಆಕ್ರಮಿಸಿತು. ಅಬಕಾರಿಯಿಂದ ಸರ್ಕಾರಕ್ಕೆ ಬರುವ ಹುಟ್ಟುವಳಿಯು ಈಗ ವರ್ಷಕ್ಕೆ ೩೦,೦೦೦ ಕೋಟಿ ರೂಪಾಯಿಗಳನ್ನು ಮೀರಿದೆ. ಒಂದು ಕೈಯಿಂದ ಮಾರಿಸಿ ಇನ್ನೊಂದು ಕೈಯಿಂದ ಬಾಲಮಂದಿರವನ್ನು ನಡೆಸುವ ಈ ವ್ಯವಸ್ಥೆಯ ವಿಷಯದಲ್ಲಿ ಹೇಳಬೇಕಾದದ್ದು ಬಹಳವಿದ್ದರೂ ಅದು ಬೇರೆ ಲೇಖನದ ಮಾತು. ದೆಹಲಿಯ ಏಮ್ಸ್ ವೈದ್ಯರು ನಡೆಸಿ ೨೦೧೯ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಕುಡಿಯುವವರು ಸುಮಾರು ೧೬ ಕೋಟಿ; ಕುಡಿತದ ಬಾಧೆಯಿಂದ ಸಹಾಯದ ಅಗತ್ಯವುಳ್ಳವರು ಸುಮಾರು ೫.೭ ಕೋಟಿ. ಕುಡಿತಕ್ಕೆ ದಾಸರಾದವರಲ್ಲಿ ಚಿಕಿತ್ಸೆಯನ್ನು ಪಡೆದವರು ೩೮ ಮಂದಿಗೆ ಒಬ್ಬರು ಮಾತ್ರ.

ಇನ್ನು ಆ ತಂದೆಯ ಪಾಡನ್ನು ಊಹಿಸಿ ನೋಡಿರಿ. ಪಿರಿಯಾಪಟ್ಟಣದ ಆಚೆಯ ಹಳ್ಳಿಯಿಂದ ಅವನು ಮೈಸೂರಿಗೆ ಬರಬೇಕು. ಒಂದು ದಿನದ ಕೂಲಿ ಹೋಯಿತು, ಬಸ್ಸಿನ ಖರ್ಚು ಬೇರೆ. ಕಛೇರಿಯಲ್ಲಿ ಮೇಜಿನ ಆಚೆ ಐವರು ವಿದ್ಯಾವಂತರು. ಅವರು ಕರುಣೆಯಿಂದಲೇ ಮಾತನಾಡಿಸಿದರೂ ಇವನ ಕಣ್ಣಿಗೆ ಅದು ನ್ಯಾಯಾಸ್ಥಾನ. ಕೇಳಿದ್ದಕ್ಕೆಲ್ಲ "ಬುಟ್ಬುಟ್ಟಿವ್ನಿ ಬುದ್ಧಿ" ಎಂದು ಕೈಮುಗಿಯುತ್ತಾನೆ. ಕೊಟ್ಟ ಕಾಗದವನ್ನು ಓದಲಾರ; ಮುಂದಿನ ತಾರೀಖು ಯಾವುದೆಂದು ತಿಳಿಯದು. ಮಗುವನ್ನು ಸರ್ಕಾರದವರು ಎಂದೆಂದಿಗೂ ತೆಗೆದುಕೊಂಡರೆಂದು ನಂಬಿ, ಊರಿಗೆ ಹಿಂತಿರುಗುವ ಮೊದಲೇ ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಗೆ ನುಗ್ಗುತ್ತಾನೆ. ಮುಂದಿನ ತಾರೀಖಿಗೆ ಬರುವುದಿಲ್ಲ. ಕಡತದಲ್ಲಿ ತಂದೆ ಗೈರುಹಾಜರು, ಆಸಕ್ತಿಯಿಲ್ಲ ಎಂದು ಷರಾ ಬೀಳುತ್ತದೆ. ಆಸಕ್ತಿ ಇಲ್ಲದೆ ಅಲ್ಲ, ಮುಖ ತೋರಿಸಲಾರದೆ ಬಾರದೆ ಇದ್ದವರು ಎಷ್ಟೋ ಮಂದಿ. ನಳನಂತಹ ನಳನೇ ಮಕ್ಕಳ ಎದುರಿಗೆ ತನ್ನ ಹೆಸರನ್ನು ಹೇಳಲಾರದೆ ಹೋದನಲ್ಲವೇ?

ಇಂತಹವನಿಗೆ ಉಪದೇಶವನ್ನು ಹೇಳುವವರಿಗೆ ಏನೂ ಕಡಮೆಯಿಲ್ಲ. ಹೆಂಡತಿ, ಮಾವ, ಊರ ಯಜಮಾನ, ಶಾಲೆಯ ಮೇಷ್ಟರು, ಎಲ್ಲರೂ ಹೇಳಿದವರೇ. ಆ ಮಾತುಗಳೆಲ್ಲ ದಡದ ಮೇಲೆ ನಿಂತವನು ಮುಳುಗುವವನಿಗೆ ಕೂಗಿ ಹೇಳಿದಂತೆ. ನೀರಿಗೆ ಬಿದ್ದು ಈಜಿ ದಡ ಸೇರಿದವನೊಬ್ಬನು ಬಂದು ಭುಜದ ಮೇಲೆ ಕೈಯಿಟ್ಟು, "ನಾನೂ ಹಿಂಗೇ ಇದ್ದೆ ಕಣಣ್ಣ, ನನ್ನ ಮಕ್ಕಳೂ ಅಲ್ಲೇ ಇದ್ವು, ಬಾ ನನ್ ಜೊತೇಲಿ" ಎಂದರೆ ಆ ಮಾತಿನ ತೂಕವೇ ಬೇರೆ.

ಇದು ಬರಿಯ ಭಾವನೆಯ ಮಾತಲ್ಲ. ೧೯೩೫ರಲ್ಲಿ ಅಮೆರಿಕದ ಓಹಾಯೋ ಸಂಸ್ಥಾನದ ಆಕ್ರನ್ ಪಟ್ಟಣಕ್ಕೆ ವ್ಯಾಪಾರಕ್ಕಾಗಿ ಬಂದಿದ್ದ ಬಿಲ್ ವಿಲ್ಸನ್ ಎಂಬಾತನು, ಕೆಲವು ತಿಂಗಳಿಂದ ಬಿಟ್ಟಿದ್ದ ಕುಡಿತಕ್ಕೆ ಮತ್ತೆ ಮನಸ್ಸು ಹರಿಯುತ್ತಿರಲು, ಇನ್ನೊಬ್ಬ ಕುಡುಕನೊಡನೆ ಮಾತನಾಡಿದರೆ ಮಾತ್ರ ತಾನು ಉಳಿಯುವೆನೆಂದು ತಿಳಿದು ವಿಚಾರಿಸುತ್ತಾ ಹೋಗಿ ಬಾಬ್ ಸ್ಮಿತ್ ಎಂಬ ವೈದ್ಯನನ್ನು ಕಂಡನು. ಆ ಭೇಟಿಯಿಂದ ಹುಟ್ಟಿದ ಸಂಘವೇ ಆಲ್ಕೊಹಾಲಿಕ್ಸ್ ಅನಾನಿಮಸ್. ಭಾರತಕ್ಕೆ ಅದು ೧೯೫೭ರಲ್ಲಿ ಮುಂಬಯಿಯ ಮೂಲಕ ಬಂದಿತು. ಅಲ್ಲಿ ಶುಲ್ಕವಿಲ್ಲ, ಮನೆತನದ ಹೆಸರಿನ ಗೊಡವೆಯಿಲ್ಲ. ಸಹಾಯಮಾಡುವವನಿಗೂ ಸಹಾಯ ಪಡೆಯುವವನಷ್ಟೇ ಲಾಭವುಂಟೆಂಬುದು ಈ ಪದ್ಧತಿಯ ಸ್ವಾರಸ್ಯ.

ನಮ್ಮ ನಾಡಿನಲ್ಲಿ ಹಳ್ಳಿಗರ ಸ್ವಭಾವಕ್ಕೆ ಹೊಂದುವಂತಹ ಕ್ರಮವು ಬೇರೆ ರೀತಿಯಲ್ಲಿ ಬೆಳೆದಿದೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯು ೧೯೮೨ರಲ್ಲಿ ಬೆಳ್ತಂಗಡಿಯಲ್ಲಿ ಆರಂಭವಾಯಿತು. ತರುವಾಯ ೧೯೯೦ರ ದಶಕದಲ್ಲಿ ಜನಜಾಗೃತಿ ವೇದಿಕೆಯ ಹೆಸರಿನಲ್ಲಿ ಮದ್ಯವರ್ಜನ ಶಿಬಿರಗಳು ಹರಡಿದವು. ಮೈಸೂರು ಜಿಲ್ಲೆಯ ಈ ಸೀಮೆಗಳಲ್ಲಿಯೂ ಅವು ನಡೆದಿವೆ. ಕಲ್ಯಾಣಮಂಟಪವನ್ನೋ ಸಮುದಾಯ ಭವನವನ್ನೋ ಹಿಡಿದು, ಕುಡಿಯುವವರನ್ನು ಎಂಟು ದಿನ ಅಲ್ಲಿಯೇ ಇರಿಸಿಕೊಂಡು, ವೈದ್ಯರ ಉಪಚಾರ, ಯೋಗಾಭ್ಯಾಸ, ಭಜನೆ, ಆಪ್ತಾಲೋಚನೆಗಳನ್ನು ನಡೆಸುವರು, ಹೆಂಡಿರುಮಕ್ಕಳನ್ನೂ ಕರೆಯಿಸುವರು. ನನ್ನ ಅಭಿಪ್ರಾಯದಲ್ಲಿ ಆ ಎಂಟು ದಿನಗಳಿಗಿಂತ ಬೆಲೆಯುಳ್ಳದ್ದು ಅನಂತರದ ಏರ್ಪಾಡು. ಶಿಬಿರದಿಂದ ಹೊರಬಂದವರು ಊರೂರಿನಲ್ಲಿ ನವಜೀವನ ಸಮಿತಿಗಳನ್ನು ಮಾಡಿಕೊಂಡು ನಿಯತವಾಗಿ ಸೇರುವರು. ನೂರು ದಿನ ಕುಡಿಯದೆ ಕಳೆದರೆ ಶತದಿನೋತ್ಸವವನ್ನು ಆಚರಿಸುವರು. ಮದುವೆ ಮುಂಜಿಗಳ ಉತ್ಸವವನ್ನು ಮಾತ್ರ ಬಲ್ಲ ನಮಗೆ ಇದು ವಿಚಿತ್ರವಾಗಿ ಕಾಣಬಹುದು; ಆದರೆ ಆ ಮನೆಯ ಹೆಂಗಸಿಗೆ ಅದಕ್ಕಿಂತ ದೊಡ್ಡ ಹಬ್ಬವಿಲ್ಲ.

ಹೀಗೆ ಒಂದು ಕಡೆ ಮಕ್ಕಳನ್ನು ಕಾಯುವ ಸಮಿತಿ, ಇನ್ನೊಂದು ಕಡೆ ಕುಡಿತವನ್ನು ಗೆದ್ದವರ ಸಮಿತಿ. ಎರಡೂ ಒಳ್ಳೆಯವೇ. ಆದರೆ ಒಂದರ ಕಣ್ಣು ಮಗುವಿನ ಮೇಲೆ, ಇನ್ನೊಂದರ ಕಣ್ಣು ಬಾಟಲಿಯ ಮೇಲೆ. ಶಿಬಿರಕ್ಕೆ ಹೋದ ತಂದೆಗೆ ಬಾಲಮಂದಿರದ ತಾರೀಖನ್ನು ನೆನಪಿಸುವುದು ಯಾರ ಕೆಲಸವೆಂದೂ, ಬಾಲಮಂದಿರಕ್ಕೆ ಬಂದ ತಂದೆಗೆ ಶಿಬಿರದ ದಾರಿಯನ್ನು ತೋರಿಸುವುದು ಯಾರ ಕೆಲಸವೆಂದೂ ಗೊತ್ತುಮಾಡಿ ಇಟ್ಟಿಲ್ಲ. ಕಾಯಿದೆಯ ನಾಲ್ಕು ತಿಂಗಳು ಈ ನಡುವೆಯೇ ಸವೆದುಹೋಗುತ್ತದೆ.

ಈ ಎರಡನ್ನೂ ಕೂಡಿಸಿದ ಉದಾಹರಣೆಯೊಂದು ಹೊರದೇಶದಲ್ಲಿದೆ. ಅಮೆರಿಕದಲ್ಲಿ ಗಡುವು ಇನ್ನೂ ನಿಷ್ಠುರವಾದದ್ದು. ೧೯೯೭ರ ಅಲ್ಲಿಯ ಶಾಸನದಂತೆ, ಮಗುವು ೨೨ ತಿಂಗಳಲ್ಲಿ ೧೫ ತಿಂಗಳು ಸರ್ಕಾರದ ಆಶ್ರಯದಲ್ಲಿದ್ದರೆ, ಕೆಲವು ವಿನಾಯಿತಿಗಳನ್ನು ಬಿಟ್ಟು, ತಂದೆತಾಯಿಯ ಹಕ್ಕನ್ನೇ ಕಳೆಯುವಂತೆ ನ್ಯಾಯಾಲಯವನ್ನು ಕೇಳಬೇಕು. ಅದೇ ವರ್ಷ ಓಹಾಯೋ ಸಂಸ್ಥಾನದ ಕ್ಲೀವ್‌ಲೆಂಡಿನಲ್ಲಿ ಸ್ಟಾರ್ಟ್ ಎಂಬ ಕ್ರಮವೊಂದು ಹುಟ್ಟಿತು. ಮುಂದೆ ಕೆಂಟಕಿ ಸಂಸ್ಥಾನದಲ್ಲಿ ಚೆನ್ನಾಗಿ ಬೇರೂರಿತು. ಅಲ್ಲಿ ಮಕ್ಕಳ ರಕ್ಷಣೆಯ ಅಧಿಕಾರಿಯ ಜೊತೆಗೆ ಒಬ್ಬ ಸಹಚರನಿರುತ್ತಾನೆ, ಅಥವಾ ಸಹಚರಿಯಿರುತ್ತಾಳೆ. ವ್ಯಸನವನ್ನು ಬಿಟ್ಟು ಮೂರು ವರ್ಷವಾದರೂ ಆಗಿರಬೇಕು. ತನ್ನ ಮಕ್ಕಳ ವಿಷಯದಲ್ಲಿ ಇದೇ ಕಛೇರಿಯ ಮೆಟ್ಟಿಲನ್ನು ಹತ್ತಿದ ಅನುಭವವಿರಬೇಕು. ಚಿಕಿತ್ಸೆಯ ಮೊದಲ ದಿನಗಳಲ್ಲಿ ತಾಯಿಯನ್ನು ಕೈಹಿಡಿದು ಕರೆದುಕೊಂಡು ಹೋಗುವವರು ಇವರೇ. ೨೦೧೨ರಲ್ಲಿ ಪ್ರಕಟವಾದ ಕೆಂಟಕಿಯ ಅಧ್ಯಯನದಲ್ಲಿ, ಈ ಸಹಾಯ ದೊರೆತ ಮನೆಗಳ ಮಕ್ಕಳಲ್ಲಿ ಸರ್ಕಾರದ ಆಶ್ರಯಕ್ಕೆ ಹೋದವರು ನೂರಕ್ಕೆ ೨೧. ಅಂತಹದೇ ಸ್ಥಿತಿಯ ಇತರ ಮನೆಗಳಲ್ಲಿ ೪೨. ವ್ಯಸನದಿಂದ ಬಿಡುಗಡೆ ಪಡೆದ ತಾಯಂದಿರು ಇಲ್ಲಿ ನೂರಕ್ಕೆ ೬೬, ಅಲ್ಲಿ ೩೭. ಅವರ ದೇಶ, ಅವರ ಧನ, ಅವರ ವ್ಯಸನಗಳೆಲ್ಲ ಬೇರೆಯಾದರೂ ಮನುಷ್ಯನ ನಾಚಿಕೆ ಎಲ್ಲೆಡೆಯೂ ಒಂದೇ.

ನಮ್ಮಲ್ಲಿ ಇಂತಹ ಸಹಚರನು ಮಾಡಬಹುದಾದ ಕೆಲಸಗಳು ಬಹಳ ಸಾಧಾರಣವಾದವು. ಸಮಿತಿಯ ಕಾಗದವನ್ನು ಓದಿ ಹೇಳುವುದು. ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತುಮಾಡಿ, ಆ ದಿನ ಬೆಳಗಿನ ಬಸ್ಸಿಗೆ ಕರೆದುಕೊಂಡು ಬರುವುದು. ತೀರ್ಪು ಒಪ್ಪಿಗೆಯಾಗದಿದ್ದರೆ ೩೦ ದಿನಗಳೊಳಗೆ ಮೇಲ್ಮನವಿಗೆ ಅವಕಾಶವಿದೆಯೆಂದು ತಿಳಿಸುವುದು. ಮಗುವನ್ನು ನೋಡಲು ಹೋಗುವ ದಿನ ಇವನು ಕುಡಿಯದೆ, ಮಿಂದು, ಒಗೆದ ಬಟ್ಟೆಯನ್ನು ಉಟ್ಟು ಹೊರಡುವಂತೆ ಮಾಡುವುದು. ಅಲ್ಲಿ ಮಗುವು ಮುಖ ತಿರುಗಿಸಿಕೊಂಡರೆ ಎದೆಗೆಡದಂತೆ ಪಕ್ಕದಲ್ಲಿ ನಿಲ್ಲುವುದು. ಈ ಕೊನೆಯದು ಯಾವ ಅಧಿಕಾರಿಯಿಂದಲೂ ಆಗುವ ಕೆಲಸವಲ್ಲ. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಅರ್ಹತೆಯುಳ್ಳ ಮಗುವಿಗೆ ಮನೆಯಲ್ಲಿಯೇ ಬೆಳೆಯಲು ತಿಂಗಳಿಗೆ ೪,೦೦೦ ರೂಪಾಯಿ ಪ್ರಾಯೋಜಕತ್ವ ಧನವುಂಟು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಅದಕ್ಕೆ ಅರ್ಜಿ ಹಾಕಿಸುವುದೂ ಅವನಿಂದ ಆದೀತು.

ಕೆಲವು ಎಚ್ಚರಿಕೆಗಳನ್ನು ಹೇಳದೆ ಬಿಡಲಾಗದು. ವರ್ಷಗಟ್ಟಲೆ ಅತಿಯಾಗಿ ಕುಡಿದವನು ಹಠಾತ್ತಾಗಿ ನಿಲ್ಲಿಸಿದರೆ ಎರಡು ಮೂರು ದಿನಗಳಲ್ಲಿ ಕೈನಡುಕ, ಸೆಳವು, ಭ್ರಮೆಗಳು ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಆದುದರಿಂದ ಮೊದಲು ವೈದ್ಯ, ಅನಂತರ ಸಹಚರ. ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ೧೪೪೪೬ ಎಂಬ ದೂರವಾಣಿಗೆ ಕರೆಮಾಡಿದರೆ ವ್ಯಸನಮುಕ್ತಿಯ ವಿಷಯದಲ್ಲಿ ಶುಲ್ಕವಿಲ್ಲದೆ ಸಲಹೆ ದೊರೆಯುತ್ತದೆ. ಕೆಲವು ಹೆಂಗಸರು ಯಾರದೋ ಮಾತನ್ನು ಕೇಳಿ ಗಂಡನ ಸಾರಿನಲ್ಲಿ ಗುಟ್ಟಾಗಿ ಮಾತ್ರೆಯನ್ನು ಬೆರೆಸುವುದುಂಟು. ಇದು ಅತ್ಯಂತ ಅಪಾಯಕರ. ಆ ಮಾತ್ರೆಯ ಮೇಲೆ ಮದ್ಯ ಬಿದ್ದರೆ ಎದೆಬಡಿತ ಏರುಪೇರಾಗಿ ಜೀವವೇ ಹೋದೀತು. ಅಮ್ಮಂದಿರು ದಯವಿಟ್ಟು ಹಾಗೆ ಮಾಡಬಾರದು.

ಇನ್ನೊಂದು ಕಷ್ಟವಾದ ಪ್ರಶ್ನೆ. ಸಹಚರನು ತಂದೆಯ ಪಕ್ಷದವನೋ ಮಗುವಿನ ಪಕ್ಷದವನೋ? ತನ್ನಲ್ಲಿ ನಂಬಿ ಹೇಳಿದ ಗುಟ್ಟನ್ನು ಅಧಿಕಾರಿಗಳಿಗೆ ಒಪ್ಪಿಸಿದರೆ ಅವನನ್ನು ಮತ್ತೆ ಯಾರೂ ನಂಬುವುದಿಲ್ಲ. ಒಪ್ಪಿಸದಿದ್ದರೆ ಮಗುವಿಗೆ ಪೆಟ್ಟು ಬಿದ್ದೀತು. ಒಮ್ಮೆ ಜಾರಿದವನನ್ನು ಕೂಡಲೆ ಬಿಟ್ಟುಕೊಡಬಾರದು. ಜಾರುವುದು ಈ ದಾರಿಯಲ್ಲಿ ಇದ್ದದ್ದೇ. ಆದರೆ ಕುಡಿದು ಮಗುವಿನ ಮೇಲೆ ಕೈಮಾಡಿದನೆಂದು ತಿಳಿದ ಕ್ಷಣದಲ್ಲಿ ಸ್ನೇಹವನ್ನು ಬದಿಗಿಟ್ಟು ೧೦೯೮ಕ್ಕೆ ತಿಳಿಸಲೇಬೇಕೆಂಬುದು ನನ್ನ ದೃಢವಾದ ಮತ. ಹೀಗೆ ಮಾಡುವೆನೆಂದು ಮೊದಲ ದಿನವೇ ತಂದೆಗೆ ಬಾಯಿಬಿಟ್ಟು ಹೇಳಿದ್ದರೆ ಅದು ವಿಶ್ವಾಸಘಾತವಾಗುವುದಿಲ್ಲ.

ಕುಡಿಯುವ ತಾಯಂದಿರ ಮಾತನ್ನು ನಮ್ಮ ಮನೆಗಳಲ್ಲಿ ಆಡುವುದೇ ಇಲ್ಲ. ಗಂಡಸು ಕುಡಿದರೆ ದುರಭ್ಯಾಸ, ಹೆಂಗಸು ಕುಡಿದರೆ ಕುಲಗೇಡು ಎನ್ನುವ ಜನ ನಾವು. ಶಿಬಿರಗಳೂ ಬಹುಮಟ್ಟಿಗೆ ಗಂಡಸರವೇ. ಅಂತಹ ತಾಯಿಗೆ ಗಂಡಸು ಸಹಚರನಾಗಲಾರ. ಸ್ತ್ರೀಶಕ್ತಿ ಸಂಘಗಳಲ್ಲಿ, ಕುಡಿತದ ಮನೆಯಲ್ಲಿ ಬೆಂದು ಗಟ್ಟಿಯಾದ ಹೆಂಗಸರು ಇದ್ದಾರೆ. ತಾವು ಕುಡಿದವರಲ್ಲದಿದ್ದರೂ ಆ ಬೆಂಕಿಯ ಬಿಸಿಯನ್ನು ಬಲ್ಲವರು. ಅಂಗನವಾಡಿಯ ಕಾರ್ಯಕರ್ತೆಯು ಅವರಲ್ಲಿ ಒಬ್ಬಿಬ್ಬರನ್ನು ಜೊತೆಮಾಡಿಕೊಂಡರೆ ಕೆಲಸ ಆರಂಭವಾದೀತು. ಹಾಡಿಗಳಲ್ಲಿಯಾದರೆ ಹಾಡಿಯವರೇ ಆಗಬೇಕು. ಹೊರಗಿನವರ ಬುದ್ಧಿವಾದವನ್ನು ಅವರು ತಲೆಮಾರುಗಳಿಂದ ಕೇಳಿ ಬೇಸತ್ತಿದ್ದಾರೆ.

ಇದಕ್ಕೆಲ್ಲ ಹಣವೆಷ್ಟು ಬೇಕು? ಸಹಚರನೂ ಬಡವನೇ, ಅವನೂ ಕೂಲಿಯವನೇ. ಸೇವೆಯೆಂಬ ದೊಡ್ಡ ಮಾತನ್ನು ಹೇಳಿ ಅವನ ದಿನದ ಅನ್ನವನ್ನು ಕಸಿಯಬಾರದು. ಬಸ್ಸಿನ ಖರ್ಚು, ಒಂದು ದಿನದ ಕೂಲಿ, ಮಧ್ಯಾಹ್ನದ ಊಟ, ಇಷ್ಟನ್ನು ಗ್ರಾಮ ಪಂಚಾಯಿತಿಯೋ ಊರಿನ ಸಹಕಾರ ಸಂಘವೋ ವಹಿಸಿಕೊಂಡರೆ ಸಾಕು. ನವಜೀವನ ಸಮಿತಿಯವರು ತಮ್ಮಲ್ಲಿ ಮೂರು ವರ್ಷ ದಾಟಿದವರ ಹೆಸರುಗಳನ್ನು, ಅವರ ಒಪ್ಪಿಗೆಯನ್ನು ಪಡೆದು, ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಬರೆದು ಕೊಡಬಹುದು. ಸೀಮೆಗೆ ಐದಾರು ಮಂದಿ ದೊರೆತರೂ ಆಯಿತು. ಪಿರಿಯಾಪಟ್ಟಣದ ಬೆಳಗಿನ ಬಸ್ಸಿನಲ್ಲಿ ಆ ತಂದೆಯ ಪಕ್ಕದ ಜಾಗವು ಖಾಲಿಯಾಗಿಲ್ಲದಿದ್ದರೆ, ಅವನು ಮೈಸೂರಿನಲ್ಲಿ ಇಳಿದ ಮೇಲೆ ಯಾವ ಕಡೆಗೆ ನಡೆಯುವನೆಂಬುದು ಬೇರೆಯಾದೀತು.